ನಮ್ಮ ಮನೆ ಸೋರುವುದಿಲ್ಲ

ನಮ್ಮ ಊರಿನಲ್ಲಿ ಸೋರುವ ಮನೆ ಒಂದೂ ಇಲ್ಲ. ಬೇಕಿದ್ದರೆ ಯಾರನ್ನಾದರೂ ಕೇಳಿ ನೋಡಿ. ಮಳೆಗಾಲದಲ್ಲಿ ಯಾರ ಮನೆಗೆ ಹೋದರೂ ಜಗಲಿಯಲ್ಲೇ ಕೂರಿಸಿ ಕಾಫಿ ಕೊಡುತ್ತಾರೆ, ನಡುಮನೆಯ ಬಾಗಿಲನ್ನು ಅರ್ಧ ಮುಚ್ಚಿರುತ್ತಾರೆ. ಒಳಗಿನಿಂದ ಟಣ್, ಟಣ್ ಎಂಬ ಸದ್ದು ಬಂದರೆ ಅದು ಹಳೆಯ ಗೋಡೆ ಗಡಿಯಾರ. ಒಮ್ಮೆ ಒಂದೇ ಮನೆಯಲ್ಲಿ ನಾಲ್ಕು ಗಡಿಯಾರಗಳ ಸದ್ದು ಕೇಳಿ, ನಾಲ್ಕೂ ಬೇರೆ ಬೇರೆ ಹೊತ್ತು ಹೇಳುತ್ತಿವೆಯಲ್ಲ ಎಂದುಕೊಂಡು ಸುಮ್ಮನೆ ಎದ್ದು ಬಂದಿದ್ದೇನೆ.

ನಮ್ಮದು ತೀರ್ಥಹಳ್ಳಿ ಸೀಮೆ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು, ಆದ್ದರಿಂದ ಕಡಿದಾದ ಇಳಿಜಾರಿನ ಮಾಡು ಕಟ್ಟಿದರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟ ಹತ್ತಿ ಬಂದು ಸೋಗೆಯ ಜಾಗದಲ್ಲಿ ಕೂತಿತು. ವೈಶಾಖದಲ್ಲಿ ಒಬ್ಬ ಆಳು ಏಣಿ ಹತ್ತಿ ಹೆಂಚು ಕೈಯಾಡಿಸಿ, ಒಡೆದ ನಾಲ್ಕನ್ನು ಬದಲಿಸಿ, ಸೂರಿನ ಅಡಿಕೆ ದಬ್ಬೆಯನ್ನು ಸರಿಮಾಡಿ, ಊಟ ಮಾಡಿ ಹೋದರೆ ಆ ವರ್ಷದ ಛಾವಣಿ ಕಾಮಗಾರಿ ಮುಗಿಯಿತು. ಮಧ್ಯರಾತ್ರಿ ಹನಿ ಬಿದ್ದರೆ ಅಜ್ಜಿಯೇ ಗಳದ ತುದಿಯಿಂದ ಹೆಂಚನ್ನು ಒಂದಿಷ್ಟು ಮೇಲಕ್ಕೆ ನೂಕಿ ಮಲಗುತ್ತಿದ್ದಳು. ಗ್ಯಾರಂಟಿ ಕಾರ್ಡ್ ಯಾರೂ ಕೇಳಿರಲಿಲ್ಲ.

ಆಮೇಲೆ ನಮಗೆ ಮರ್ಯಾದೆ ಬಂತು. ಹೆಂಚು ಇಳಿಸಿ ತಾರಸಿ ಹಾಕಿಸಿದೆವು. ಮಳೆ ಕಡಿಮೆಯಿರುವ ಬಿಜಾಪುರದ ಕಡೆಯವರು ಬಿಸಿಲಿಗೆ ಒಪ್ಪುವಂತೆ ಚಪ್ಪಟೆ ಮಾಳಿಗೆ ಕಟ್ಟಿಕೊಂಡರೆ ಅದಕ್ಕೊಂದು ಅರ್ಥವಿದೆ. ನಾವು ಮಾತ್ರ ಆಕಾಶಕ್ಕೆ ತಟ್ಟೆ ಹಿಡಿದು ಕೂತೆವು. ತಟ್ಟೆ ತುಂಬಿತು, ಸೋರಿತು. ಈಗ ಆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಟ್ರಸ್ ಕಟ್ಟಿ, ಶೀಟು ಹೊದಿಸುತ್ತಿದ್ದೇವೆ. ಶೀಟಿನ ಬಣ್ಣ ಹೆಂಚಿನದು. ಒಂದು ಛಾವಣಿಗೆ ಮಳೆ ತಾಗದಂತೆ ಇನ್ನೊಂದು ಛಾವಣಿ. ಯಾಕೆ ಎಂದು ಕೇಳಿದರೆ ಸೋರುತ್ತದೆ ಎಂದು ಯಾರೂ ಹೇಳುವುದಿಲ್ಲ, ‘ಅಡಿಕೆ ಒಣಗಿಸಲು ಅನುಕೂಲ’ ಎನ್ನುತ್ತಾರೆ. ಅಡಿಕೆ ತೋಟವೇ ಇಲ್ಲದ ಅಂಚೆ ಮಾಸ್ತರರೂ ಹಾಗೆಯೇ ಹೇಳುತ್ತಾರೆ.

ನಾನೂ ಅಡಿಕೆ ಒಣಗಿಸುವವರ ಸಾಲಿಗೆ ಸೇರಲು ತೀರ್ಮಾನಿಸಿದಾಗ ಫೆಬ್ರುವರಿ. ನಂಬಿಕಸ್ಥ ಕಾಂಟ್ರಾಕ್ಟರನ್ನು ಹುಡುಕುವ ಶಾಸ್ತ್ರ ಎಲ್ಲರಿಗೂ ಗೊತ್ತಿರುವುದೇ: ಅವನಿಂದ ಕೆಲಸ ಮಾಡಿಸಿದ ಮೂರು ಜನರನ್ನು ಕೇಳಬೇಕು. ಕೇಳಿದೆ. ಮಂಡಿಯ ರಾಯರು, ‘ಕಣ್ಣು ಮುಚ್ಚಿಕೊಂಡು ಕೊಡಿ’ ಎಂದರು. ನಿವೃತ್ತ ಮೇಷ್ಟ್ರು, ‘ಬಂಗಾರದಂಥ ಮನುಷ್ಯ’ ಎಂದರು. ಔಷಧಿ ಅಂಗಡಿಯವರಂತೂ ತಾವೇ ಫೋನ್ ಹಚ್ಚಿ ಕೊಟ್ಟರು. ಮೂವರೂ ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ‘ಕೆಲಸ ಯಾವತ್ತು ಶುರು?’ ಇಷ್ಟೊಂದು ಕಾಳಜಿಯ ಜನ ಯಾವ ಊರಿನಲ್ಲಿದ್ದಾರೆ ಎಂದು ನನ್ನ ಗಂಟಲು ಕಟ್ಟಿತು.

ಕಾಂಟ್ರಾಕ್ಟರು ಬಂದರು. ತಾರಸಿಯ ಮೇಲೆ ನಿಂತು, ನಾಡಿ ಹಿಡಿದ ಪಂಡಿತರಂತೆ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟರು. ‘ಇದನ್ನು ಯಾರು ಮಾಡಿದ್ದು ಸಾರ್? ಹಾಳು ಮಾಡಿಬಿಟ್ಟಿದ್ದಾರೆ.’

‘ನಿಮ್ಮ ತಂದೆಯವರು.’

ಅರೆ ಕ್ಷಣವೂ ತಡವರಿಸಲಿಲ್ಲ. ‘ಆಗಿನ ಸಿಮೆಂಟ್ ಸರಿ ಇರಲಿಲ್ಲ ಸಾರ್’ ಎಂದರು. ಅವರ ವೃತ್ತಿಗೌರವದ ಬಗ್ಗೆ ನನಗೆ ಅಂದೇ ವಿಶ್ವಾಸ ಮೂಡಿತು.

ಅಂದಾಜು ಪಟ್ಟಿಯನ್ನು ಯಾವುದೋ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಟ್ಟರು. ‘ಬಿಲ್ ಬೇಕೋ, ಬೇಡವೋ? ಬೇಕೆಂದರೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತದೆ.’ ಬೇಡ ಎಂದೆ. ಈ ದೇಶದಲ್ಲಿ ಬೇಕು ಎಂದವರು ಯಾರಾದರೂ ಇದ್ದರೆ ಅವರನ್ನು ನೋಡುವ ಆಸೆ ನನಗಿದೆ. ಹತ್ತು ವರ್ಷದ ಗ್ಯಾರಂಟಿ ಕೊಟ್ಟರು. ಯಾವುದರ ಮೇಲೆ ಬರೆದುಕೊಡುತ್ತೀರಿ ಎಂದಾಗ ಮುಖ ಸಣ್ಣದು ಮಾಡಿಕೊಂಡರು. ‘ಬರೆಯುವುದು ನಂಬಿಕೆ ಇಲ್ಲದವರಿಗೆ ಸಾರ್.’ ಅದೂ ನಿಜವೇ. ಬಿಲ್ಲೇ ಇಲ್ಲದ ಮೇಲೆ ಈ ಶೀಟು ಕಾಗದದ ಪ್ರಕಾರ ನನ್ನ ಮನೆಯ ಮೇಲೆ ಇಲ್ಲವೇ ಇಲ್ಲ. ಇಲ್ಲದ ಶೀಟಿಗೆ ಯಾವ ಗ್ಯಾರಂಟಿ? ಮುಂದೆ ಗ್ರಾಹಕರ ಆಯೋಗಕ್ಕೆ ಹೋದರೂ ನಾನು ತೋರಿಸಬಹುದಾದ ಏಕೈಕ ದಾಖಲೆಯಲ್ಲಿ, ಕುಟುಂಬ ಸಮೇತರಾಗಿ ಬಂದು ವಾಸ್ತುಪೂಜೆಯ ಪ್ರಸಾದ ಸ್ವೀಕರಿಸಬೇಕೆಂಬ ವಿನಂತಿ ಇದೆ.

ಶೀಟಿನ ದಪ್ಪದ ವಿಷಯಕ್ಕೆ ಬಂದರೆ ಅದೊಂದು ವೇದಾಂತ. ಹಳೆಯ ಕೈಗಳು ಗೇಜಿನಲ್ಲಿ ಮಾತಾಡುತ್ತವೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳ್ಳಗಾಗುತ್ತದೆ ಎಂಬುದು ನನಗೆ ಗೊತ್ತಿರದ ಕಾರಣ, ಹೆಚ್ಚಿನ ಸಂಖ್ಯೆಯನ್ನೇ ಕೇಳಿ ಪಡೆದು ಬೀಗುವುದರಲ್ಲಿದ್ದೆ. ಕೊನೆಗೆ 0.50 ಮಿಲಿಮೀಟರ್ ಎಂದು ನಿಕ್ಕಿಯಾಯಿತು. ಶೀಟು ಬಂದ ದಿನ ಮೇಷ್ಟ್ರು ತಮ್ಮ ಕಾಲೇಜು ದಿನಗಳ ಸ್ಕ್ರೂ ಗೇಜ್ ತಂದು ಅಳೆದರು. 0.50 ಸರಿಯಾಗಿಯೇ ಇತ್ತು. ಆದರೆ ಅದು ಕಬ್ಬಿಣ, ಅದರ ಮೇಲಿನ ಲೇಪ, ಎರಡೂ ಬದಿಯ ಬಣ್ಣ ಎಲ್ಲ ಸೇರಿ. ಒಳಗಿನ ತಗಡು ಅದಕ್ಕಿಂತ ತೆಳು. ‘ಬಣ್ಣವೂ ನಿಮ್ಮದೇ ಅಲ್ಲವೇ ಸಾರ್, ನಾವೇನು ವಾಪಸು ಒಯ್ಯುತ್ತೇವೆಯೇ?’ ಎಂದು ಕಾಂಟ್ರಾಕ್ಟರು ನಕ್ಕರು. ನಾವೂ ನಕ್ಕೆವು.

ಏಪ್ರಿಲ್ ಕೊನೆಗೆ ಕೆಲಸ ಮುಗಿಯಿತು. ಸುಡುಬಿಸಿಲಿನಲ್ಲಿ ಶೀಟು ಒಂದು ಹನಿಯೂ ಸೋರಲಿಲ್ಲ. ಆ ಆಧಾರದ ಮೇಲೆ ಬಾಕಿ ಪೂರ್ತಿ ಕೊಡಬೇಕೆಂದು ಕೇಳಿದರು. ಮೊದಲ ಮಳೆ ಆಗಲಿ ಎಂದೆ. ಅವರ ಕಣ್ಣಿನಲ್ಲಿ ನೀರು ತುಂಬಿತು. ನಮ್ಮ ಛಾವಣಿಯ ಕೆಳಗೆ ಬಿದ್ದ ಮೊದಲ ಹನಿ ಅದೇ ಇರಬೇಕು. ‘ನಮ್ಮ ತಂದೆಯ ಕಾಲದಿಂದ ನಿಮ್ಮ ಮನೆಯ ಅನ್ನ ತಿಂದಿದ್ದೇವೆ’ ಎಂದರು. ಕೊಟ್ಟುಬಿಟ್ಟೆ.

ಮೃಗಶಿರಾ ಮಳೆ ನಮ್ಮ ಗುಟ್ಟು ಕಾಪಾಡಿತು. ಆರಿದ್ರಾ ಬಯಲು ಮಾಡಿತು. ಶೀಟಿನ ಉಬ್ಬಿನ ಮೇಲೆ ಕೂರಬೇಕಾದ ಸ್ಕ್ರೂಗಳಲ್ಲಿ ಅರ್ಧಕ್ಕರ್ಧ ನೀರು ಹರಿಯುವ ತಗ್ಗಿನಲ್ಲೇ ಕೂತಿದ್ದವು. ಅವುಗಳ ರಬ್ಬರ್ ವಾಷರನ್ನು ಯಂತ್ರದಿಂದ ಎಷ್ಟು ಬಿಗಿದಿದ್ದರೆಂದರೆ ಅವು ಹಿಂಡಿ ಹೊರಗೆ ಬಂದಿದ್ದವು. ಶೀಟಿನಿಂದ ಇಳಿದ ನೀರು ತಾರಸಿಯಲ್ಲಿ ನಿಂತು, ತಂದೆಯವರು ಬಿಟ್ಟುಹೋದ ದಾರಿಗಳಲ್ಲಿ ನಿಧಾನವಾಗಿ ನಡುಮನೆಗೆ ಬಂತು. ತಂದೆ ಮಗ ಕೂಡಿ ಮಾಡಿದ ಕೆಲಸ ಇಷ್ಟು ಹೊಂದಿಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಫೋನ್ ಮಾಡಿದೆ. ಮೊದಲ ವಾರ, ‘ನಾಳೆ ಹುಡುಗನನ್ನು ಕಳಿಸುತ್ತೇನೆ, ಸಿಲಿಕಾನ್ ಸ್ವಲ್ಪ ಜರುಗಿರಬೇಕು’ ಎಂದರು. ಆಮೇಲಿನ ವಾರಗಳಲ್ಲಿ ಅವರ ಫೋನಿನಿಂದ ದೇವರನಾಮ ಮಾತ್ರ ಕೇಳಿಸಿತು.

ಸ್ವಲ್ಪ ಜರುಗಿದ ಮಾತು ಬಂದದ್ದಕ್ಕೆ ನೆನಪಾಯಿತು. 2023ರ ಮೇ 28ರಂದು ಉದ್ಘಾಟನೆಯಾದ ಹೊಸ ಸಂಸತ್ ಭವನದ ಲಾಬಿಯಲ್ಲಿ ಮರುವರ್ಷದ ಮಳೆಗೆ ನೀರು ತೊಟ್ಟಿಕ್ಕಿ, ಕೆಳಗೆ ಬಕೆಟ್ ಇಟ್ಟಿದ್ದನ್ನು ದೇಶವೇ ನೋಡಿತು. ಗಾಜಿನ ಗುಮ್ಮಟದ ಅಂಟು ಸ್ವಲ್ಪ ಸ್ಥಾನಪಲ್ಲಟವಾಗಿತ್ತು ಎಂದು ಲೋಕಸಭಾ ಸಚಿವಾಲಯ ವಿವರಣೆ ಕೊಟ್ಟಿತು. ನನಗೆ ಎಂಥ ಸಮಾಧಾನವಾಯಿತೆಂದರೆ, ನಮ್ಮ ಬಕೆಟನ್ನು ಅಂದಿನಿಂದ ಸ್ವಲ್ಪ ಗೌರವದಿಂದ ಇಡತೊಡಗಿದೆ.

ಪುನರ್ವಸು ಮಳೆಯ ಒಂದು ಸಂಜೆ ತಡೆಯಲಾರದೆ ಮೇಷ್ಟ್ರ ಮನೆಗೆ ಹೋದೆ. ಅವರು ಕಾಫಿಗೆ ಹೇಳಲು ಎದ್ದಾಗ ನಡುಮನೆಯ ಬಾಗಿಲು ಗಾಳಿಗೆ ಪೂರ್ತಿ ತೆರೆದುಕೊಂಡಿತು. ಒಂದು ಬೋಗುಣಿ, ಎರಡು ಕೊಡ, ಸಾಲದ್ದಕ್ಕೆ ಮಂಚದ ಮೇಲೆ ಪರಾತ. ‘ಮೇಷ್ಟ್ರೇ, ಬಂಗಾರದಂಥ ಮನುಷ್ಯ ಎಂದಿದ್ದಿರಲ್ಲ?’

ಮೇಷ್ಟ್ರು ಬಾಗಿಲು ಮುಚ್ಚಿ ಬಂದು ಕೂತರು. ದನಿ ತಗ್ಗಿಸಿ ಹೇಳಿದರು: ‘ಎರಡು ವರ್ಷದಿಂದ ಫೋನ್ ಎತ್ತಿಲ್ಲ ಮಾರಾಯರೇ. ಈ ಬೀದಿಯಲ್ಲಿ ಒಂದು ಹೊಸ ಕೆಲಸ ಸಿಕ್ಕಿದರೆ ಬರುತ್ತಾನೆ, ಬಂದಾಗ ಹಿಡಿದು ನಮ್ಮದನ್ನೂ ತೋರಿಸಬಹುದು ಅಂದುಕೊಂಡೆ. ಬಂದ, ನೀವು ನೋಡಿದಿರಲ್ಲ, ಎರಡು ಸ್ಕ್ರೂ ಬಿಗಿದು ಹೋದ.’ ರಾಯರು? ‘ಅವರು ನನಗೆ ಹೇಳಿದವರು.’ ಔಷಧಿ ಅಂಗಡಿ? ‘ಅವರು ರಾಯರಿಗೆ.’

ಕಾಂಟ್ರಾಕ್ಟರು ಜಾಹೀರಾತಿಗೆಂದು ಒಂದು ಪೈಸೆ ಖರ್ಚು ಮಾಡದೆ ಇಡೀ ತಾಲ್ಲೂಕಿನ ಕೆಲಸ ಹಿಡಿದಿರುವುದು ಹೇಗೆಂದು ನನಗೆ ಆಗ ತಿಳಿಯಿತು. ಸೋರುವ ಪ್ರತಿ ಮನೆಯೂ ಅವರ ಶಾಖಾ ಕಚೇರಿ.

ಮೊನ್ನೆ ನಮ್ಮ ಹಿಂದಿನ ಬೀದಿಯಲ್ಲಿ ಮನೆ ಕೊಂಡ ಬ್ಯಾಂಕಿನವರು ಬಂದಿದ್ದರು. ಜಗಲಿಯಲ್ಲೇ ಕೂರಿಸಿದೆ. ಒಳಗೆ ನನ್ನ ಹೆಂಡತಿ ಸದ್ದಾಗದಂತೆ ಬೋಗುಣಿಯೊಳಗೆ ಹಳೆಯ ಟವೆಲು ಹಾಕಿದ್ದು ನನಗೆ ಮಾತ್ರ ಗೊತ್ತಾಯಿತು. ಅವರು ನಮ್ಮ ಶೀಟಿನ ಬಣ್ಣವನ್ನು ಮೆಚ್ಚಿ, ‘ಯಾರು ಸಾರ್ ಮಾಡಿದ್ದು? ನಂಬಬಹುದೇ?’ ಎಂದು ಕೇಳಿದರು.

ನಾನು ಆಗಲೇ ಫೋನ್ ಕೈಗೆತ್ತಿಕೊಂಡು ನಂಬರ್ ಹುಡುಕುತ್ತಿದ್ದೆ. ‘ಬಂಗಾರದಂಥ ಮನುಷ್ಯ’ ಎಂದೆ. ‘ಕೆಲಸ ಯಾವತ್ತು ಶುರು ಮಾಡಿಸುತ್ತೀರಿ?’