ವ್ಯಾಜ್ಯದ ಸೂಪರ್ ಬಿಲ್ಟಪ್ ಏರಿಯಾ

ಮುಂಬೈಯ ಮಾಟುಂಗಾ ಕಡೆಯ ಒಂದು ಹಳೇ ಪಗಡಿ ಕಟ್ಟಡ ಅಂತ ಇಟ್ಟುಕೊಳ್ಳಿ, ಅಂದರೆ ಮೊದಲೇ ದೊಡ್ಡ ಗಂಟು ಕೊಟ್ಟು ಸಣ್ಣ ಬಾಡಿಗೆಗೆ ಕಾಲಕಾಲಕ್ಕೂ ಕೂತವರದ್ದು. ಕೆಳಗೆ ಶೆಟ್ಟರ ಹೋಟೆಲು, ಮೇಲೆ ಮೂರು ಮಾಳಿಗೆ ತುಂಬ ಬಾಡಿಗೆದಾರರು. ಕಟ್ಟಡ ಕೊಂಡ ಬಿಲ್ಡರ್, ಹೊಸ ಕಟ್ಟಡದಲ್ಲೂ ರಸ್ತೆಗೆ ಮುಖ ಮಾಡಿದ ಜಾಗವನ್ನೇ ಕೊಡುತ್ತೇನೆಂದು ಶೆಟ್ಟರಿಗೆ ಬರೆದುಕೊಟ್ಟಿದ್ದ. ಈಗ ಹಿಂದಿನ ಗಲ್ಲಿ ತೋರಿಸುತ್ತಿದ್ದಾನೆ. ಗಲ್ಲಿಯೊಳಗೆ ಗಲ್ಲಾ ಇಟ್ಟರೆ ಇಡ್ಲಿ ತಿನ್ನಲು ಯಾರು ಬರುತ್ತಾರೆ? ಜಗಳ ಇಷ್ಟೇ. ನಾಲ್ಕೈದು ಸಾಲು. ಇದು ವ್ಯಾಜ್ಯದ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳೊಳಗೆ ನಿಜವಾಗಿ ಬಳಸಲು ಸಿಗುವಷ್ಟು.

ಫ್ಲ್ಯಾಟನ್ನು ಕಾರ್ಪೆಟ್ ಲೆಕ್ಕದಲ್ಲೇ ಮಾರಬೇಕೆಂದು 2016ರ ರೇರಾ, ಅಂದರೆ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ ಹೇಳಿತು. ಲಿಫ್ಟು, ಮೆಟ್ಟಿಲು, ವಾಚ್‌ಮನ್ನನ ಕುರ್ಚಿ ಎಲ್ಲವನ್ನೂ ಚದರಡಿ ಮಾಡಿ ‘ಸೂಪರ್ ಬಿಲ್ಟಪ್’ ಹೆಸರಲ್ಲಿ ಗಿರಾಕಿಯ ತಲೆಗೆ ಕಟ್ಟುವ ‘ಲೋಡಿಂಗ್’ ವಿದ್ಯೆ ಅಲ್ಲಿಗೆ ಸತ್ತಿತೆಂದು ಜನ ನಂಬಿದರು. ಸಾಯಲಿಲ್ಲ. ಚರ್ಚ್‌ಗೇಟಿನಲ್ಲಿ ಇಳಿದು, ಓವಲ್ ಮೈದಾನ ದಾಟಿ, 1878ರಲ್ಲಿ ಕಟ್ಟಿ ಮುಗಿಸಿದ ಹೈಕೋರ್ಟಿನ ಕಲ್ಲುಕಟ್ಟಡದೊಳಗೆ ಹೋಗಿ ಕುಳಿತಿತು.

ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರ ಮೊಮ್ಮಕ್ಕಳು ಈಗ ಕರಿಕೋಟು ತೊಟ್ಟು ಹೈಕೋರ್ಟಿನ ಸುತ್ತಲ ಫೋರ್ಟಿನಲ್ಲಿ ಓಡಾಡುತ್ತಿದ್ದಾರೆ. ವಾಣಿಜ್ಯ ಮತ್ತು ಸ್ಥಿರಾಸ್ತಿ ವ್ಯಾಜ್ಯಗಳಲ್ಲಿ ಹೆಸರು ಮಾಡಬೇಕೆಂದಿರುವ ಈ ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ಕಾನೂನಲ್ಲ, ಲೋಡಿಂಗ್.

ಶೆಟ್ಟರ ಆ ನಾಲ್ಕೈದು ಸಾಲಿಗೆ ಮುಂದೆ ಒಂದು ಸಾರಾಂಶ, ಒಂದು ತಾರೀಕುಪಟ್ಟಿ. ಹಿಂದೆ ದಾಖಲೆಗಳು, ಎಕ್ಸಿಬಿಟ್ ಎ ಇಂದ ಝಡ್. ಅಕ್ಷರ ಮುಗಿದರೆ ಎಎ, ಬಿಬಿ. ಶೆಟ್ಟರ ಮಾವ ಬರೆದಿಟ್ಟ ಕನ್ನಡ ಲೆಕ್ಕದ ಪುಸ್ತಕಕ್ಕೆ ಇಂಗ್ಲಿಷ್ ಅನುವಾದ ಬೇಕು. ‘ಉದ್ರಿ’ ಎಂಬ ಎರಡಕ್ಷರಕ್ಕೆ ಅನುವಾದಕರು ಮೂರು ಸಾಲು ಬರೆಯುತ್ತಾರೆ, ಅದೂ ಏರಿಯಾಕ್ಕೆ ಸೇರುತ್ತದೆ. ಮಸುಕಾದ ಜೆರಾಕ್ಸ್ ಇದ್ದರೆ ಪಕ್ಕದಲ್ಲೇ ಟೈಪು ಮಾಡಿದ ಪ್ರತಿ, ಅಂದರೆ ಒಂದೇ ಕಾಗದ ಎರಡು ಸಲ. ಎದುರು ಪಕ್ಷದವರು ಉತ್ತರದಲ್ಲಿ ಪ್ರತಿಯೊಂದು ಪ್ಯಾರಾವನ್ನೂ ಹೆಸರಿಟ್ಟು ನಿರಾಕರಿಸುತ್ತಾರೆ. ಆಮೇಲೆ, ಯಾವುದನ್ನಾದರೂ ನಿರಾಕರಿಸಲು ಮರೆತಿದ್ದರೆ ಅದನ್ನೂ ನಿರಾಕರಿಸಿದ್ದೇವೆಂದು ತಿಳಿಯತಕ್ಕದ್ದು ಎಂದು ಇನ್ನೊಂದು ಪ್ಯಾರಾ. ಆ ಉತ್ತರಕ್ಕೆ ಮರು ಉತ್ತರವಾಗಿ ರಿಜಾಯಿಂಡರ್, ರಿಜಾಯಿಂಡರಿಗೆ ಸರ್‌ರಿಜಾಯಿಂಡರ್, ಎಲ್ಲ ಮುಗಿದ ಮೇಲೆ ‘ಹೆಚ್ಚುವರಿ ಅಫಿಡವಿಟ್’. ವಾಣಿಜ್ಯ ದಾವೆಗೆ ‘ಸ್ಟೇಟ್‌ಮೆಂಟ್ ಆಫ್ ಟ್ರೂತ್’ ಬೇರೆ ಕಡ್ಡಾಯ: ದಾವಾಪತ್ರದ ಪುಟ ಇಷ್ಟು, ಪ್ರತಿ ಪುಟಕ್ಕೂ ನಾನೇ ಸಹಿ ಮಾಡಿದ್ದೇನೆ ಎಂಬ ಸತ್ಯ. ಸತ್ಯಕ್ಕೆ ಸಹಿ ಹಾಕಿ ಹಾಕಿ ಶೆಟ್ಟರ ಬೆರಳು ಗಲ್ಲಾ ಎಣಿಸಲೂ ಬಾರದಷ್ಟು ಮರಗಟ್ಟುತ್ತದೆ.

ಇನ್ನು ದಾವೆಯ ಬೆಲೆ. ಇದನ್ನು ಸಣ್ಣ ಮಾತೆಂದು ಬಿಡಬೇಡಿ. 10 ಕೋಟಿಯವರೆಗಿನದು ಸಿಟಿ ಸಿವಿಲ್ ಕೋರ್ಟು, ಅದರಾಚೆಗೆ ಹೈಕೋರ್ಟಿನ ಒರಿಜಿನಲ್ ಸೈಡು, ಅಂದರೆ ಹೊಸ ದಾವೆಗಳನ್ನು ನೇರವಾಗಿ ಕೇಳುವ ವಿಭಾಗ. ಕಕ್ಷಿಗೆ ಎಲ್ಲಿ ಕೂರುವ ಆಸೆಯೋ ಅದಕ್ಕೆ ತಕ್ಕ ಹಾಗೆ ಜಾಗದ ಬೆಲೆ ಏರುತ್ತದೆ, ಇಳಿಯುತ್ತದೆ. ಏರಿಸಲು ಹೆದರುವುದು ಬೇಡ: ಮಹಾರಾಷ್ಟ್ರದಲ್ಲಿ ಕೋರ್ಟ್ ಶುಲ್ಕ ಎಷ್ಟೇ ಕೋಟಿಯ ದಾವೆಯಾದರೂ 10 ಲಕ್ಷ ಮೀರದು. ನಮ್ಮ ಹೋಟೆಲಿನ ಭಾಷೆಯಲ್ಲಿ ಅನ್‌ಲಿಮಿಟೆಡ್ ಥಾಳಿ. ಬಾಡಿಗೆದಾರನನ್ನು ಎಬ್ಬಿಸುವ ದಾವೆಯಾದರೆ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗಬೇಕು. ಜಾಗ ಎಷ್ಟು ಕೋಟಿಯದಾದರೂ ಸರಿ, ಅಲ್ಲಿ ಕಾರಣ ಸಣ್ಣದೇ.

ಈಗ ನಿಜವಾದ ಕಲೆ ಶುರು. 2015ರ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆ ಬಂದದ್ದು ವ್ಯಾಪಾರಿಗಳ ಜಗಳ ಬೇಗ ಮುಗಿಯಲಿ ಎಂದು. ಹಾಗಾಗಿ ಮೊದಲ ಕೆಲ ವರ್ಷ ‘ಇದು ವ್ಯಾಪಾರದ ಜಗಳವೇ’ ಎಂಬುದರ ಮೇಲೆ ಜಗಳ. ಕಾಯ್ದೆಯ ಮಾತು ಹೀಗಿದೆ: ಸ್ಥಿರಾಸ್ತಿ ‘ಕೇವಲ’ ವ್ಯಾಪಾರಕ್ಕೆ ಬಳಕೆಯಲ್ಲಿರಬೇಕು. ಶೆಟ್ಟರ ಹೋಟೆಲಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಏನಾಗುತ್ತದೆ? ಕುರ್ಚಿಗಳನ್ನು ಮಗುಚಿ, ನೆಲ ಒರೆಸಿ, ಟೇಬಲ್ ಮೇಲೆ ಹುಡುಗರು ಮಲಗುತ್ತಾರೆ. ಬಿಲ್ಡರನ ವಕೀಲರಿಗೆ ಇಷ್ಟೇ ಸಾಕು: ಮಲಗುವುದು ವ್ಯಾಪಾರವಲ್ಲ, ‘ಕೇವಲ’ ಎಂಬ ಶರತ್ತು ಬಿದ್ದುಹೋಯಿತು, ದಾವಾಪತ್ರ ವಾಪಸ್ ಕೊಡಿ. ಶೆಟ್ಟರ ವಕೀಲರು ಏಳುತ್ತಾರೆ: ಹುಡುಗರು ಮಲಗುವುದೇ ಬೆಳಗಿನ ಐದಕ್ಕೆ ಎದ್ದು ಇಡ್ಲಿ ಹುಯ್ಯಲು, ನಿದ್ದೆ ವ್ಯಾಪಾರದ ಅಂಗ. ಅಟ್ಟದ ಮೇಲೆ ಭಟ್ಟರು ಬೆಳಗ್ಗೆ ಜಪ ಮಾಡುತ್ತಾರೆಂದು ಇನ್ನೊಂದು ಅಫಿಡವಿಟ್. ಜೊತೆಗೆ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಮುಂದೆ ವ್ಯಾಪಾರಕ್ಕೆ ಬಳಸಬಹುದು ಎಂದರೆ ಸಾಲದು, ಈಗ ನಿಜವಾಗಿ ಬಳಕೆಯಲ್ಲಿರಬೇಕು. ಹೊಸ ಕಟ್ಟಡದ ಅಂಗಡಿ ಇನ್ನೂ ಹುಟ್ಟೇ ಇಲ್ಲ. ಇಲ್ಲದ ಅಂಗಡಿಯಲ್ಲಿ ಯಾವ ವ್ಯಾಪಾರ ನಡೆಯುತ್ತಿದೆ ಎಂದು ಒಬ್ಬ ಸೀನಿಯರ್ ಎರಡು ದಿನ ವಾದಿಸಬಲ್ಲರು.

ಬಿಲ್ಡರನಿಗೆ ಇದರಲ್ಲೇನು ಆಸಕ್ತಿ ಅಂತೀರಾ? ವಾಣಿಜ್ಯ ದಾವೆಯಾದರೆ ಸಮನ್ಸ್ ಕೈಸೇರಿ 120 ದಿನ ಕಳೆದ ಮೇಲೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ನ್ಯಾಯಾಧೀಶರಿಗೂ ವಿನಾಯಿತಿ ಕೊಡಲು ಬಾರದು. ಇಷ್ಟು ಗಟ್ಟಿ ಬಾಗಿಲಿಗೆ ಕಿಂಡಿ ಎಲ್ಲಿದೆ ನೋಡಿ: ಗಡಿಯಾರ ಓಡುವುದು ಸಮನ್ಸ್ ಮುಟ್ಟಿದಂದಿನಿಂದ. ಹಾಗಾಗಿ ಮುಟ್ಟಬಾರದು. ಹೈಕೋರ್ಟಿನ ಸಮನ್ಸ್ ಹೋಗುವುದು ಶೆರೀಫರ ಕಚೇರಿಯ ಮೂಲಕ. ಅದನ್ನು ಮುಟ್ಟಿಸುವ ಬೇಲಿಫ್ ಹೋದಾಗ ಬಿಲ್ಡರನ ಕಚೇರಿಯಲ್ಲಿ ‘ಸಾಹೇಬರು ಸೈಟಿಗೆ ಹೋಗಿದ್ದಾರೆ’, ಸೈಟಿನಲ್ಲಿ ‘ಸಾಹೇಬರು ಆಫೀಸಿನಲ್ಲಿ’. ಇತ್ತ ಅದೇ ಸಾಹೇಬರ ವಕೀಲರು ವಾರಕ್ಕೊಂದು ಸಲ ಕೋರ್ಟಿನಲ್ಲಿ ಎದ್ದು ನಿಂತು ವಾದಿಸುತ್ತಿರುತ್ತಾರೆ. ಕಕ್ಷಿ ಬಂದಿದ್ದಾನೆ, ಸಮನ್ಸ್ ಬಂದಿಲ್ಲ. ತಪ್ಪು ಬಿಲ್ಡರನದೊಂದೇ ಅಲ್ಲ: ಆಡ್-ಇಂಟರಿಮ್ (ತಾತ್ಕಾಲಿಕ) ಆರ್ಡರ್ ಸಿಕ್ಕ ಖುಷಿಯಲ್ಲಿ ಸಮನ್ಸ್ ಹೊರಡಿಸುವುದನ್ನೇ ಮರೆತ ವಾದಿಗಳ ವಕೀಲರೂ ಬೇಕಾದಷ್ಟು ಇದ್ದಾರೆ. ಜೂನಿಯರ್ ಆದವರು ಮೊದಲ ವಾರವೇ ಕ್ಲಾರ್ಕಿಗೆ ಬೆನ್ನುಬಿದ್ದು ಮಾಡಿಸಬೇಕಾದ ಕೆಲಸ ಇದು.

ಮಧ್ಯಸ್ಥಿಕೆ? ಅದೂ ಉಂಟು. ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗೆ ಮೊದಲು 12ಎ ಕಲಮಿನ ಮಧ್ಯಸ್ಥಿಕೆ ಆಗಲೇಬೇಕು, ಇಲ್ಲವಾದರೆ ದಾವೆ ತಿರಸ್ಕೃತ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಿನಿಂದ ಮುಂಬೈಯಲ್ಲಿ ಎಲ್ಲವೂ ತುರ್ತು. ಎರಡು ವರ್ಷ ಪತ್ರ ಬರೆದುಕೊಂಡು ಕೂತಿದ್ದವರಿಗೆ ಗುರುವಾರ ಸಂಜೆ ಆಕಾಶ ಕಳಚಿ ಬೀಳುತ್ತದೆ. ತುರ್ತು ಎಂಬುದು ವೇಷವಾಗಿರಬಾರದು, ಕೋರ್ಟು ಅದನ್ನು ಪರೀಕ್ಷಿಸಬೇಕು ಎಂದು 2023ರಲ್ಲಿ ಇನ್ನೊಂದು ತೀರ್ಪು ಬಂತು. ಈಗ ವೇಷಕ್ಕೆ ಬಣ್ಣ ಸ್ವಲ್ಪ ದಪ್ಪ ಬಳಿಯಬೇಕು, ಅಷ್ಟೇ.

ಇಷ್ಟು ತುರ್ತಿನ ದಾವೆ ರಿಜಿಸ್ಟ್ರಿಗೆ ಹೋದರೆ ಸಿಗುವುದು ದಾವೆಯ ನಂಬರಲ್ಲ, ಲಾಡ್ಜಿಂಗ್ ನಂಬರು. ಜೊತೆಗೊಂದು ‘ಎಲ್’. ಪುಟಸಂಖ್ಯೆ ತಪ್ಪಿದೆ, ವಕಾಲತ್ತಿಗೆ ಸ್ಟ್ಯಾಂಪಿಲ್ಲ, ಎಕ್ಸಿಬಿಟ್ ಎಚ್ ಓದಲಾಗದು: ಇವು ಆಫೀಸ್ ಆಬ್ಜೆಕ್ಷನ್‌ಗಳು. ಇವನ್ನೆಲ್ಲ ತೆಗೆದ ಮೇಲೆ ದಾವೆ ಅಧಿಕೃತವಾಗಿ ಹುಟ್ಟುತ್ತದೆ. ಅಷ್ಟರೊಳಗೆ ಹುಟ್ಟದ ದಾವೆಯಲ್ಲೇ ತಡೆಯಾಜ್ಞೆ ಕೇಳಿ, ಕೊಟ್ಟು, ಮೇಲ್ಮನವಿಯೂ ಆಗಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದವರು ಒರಿಜಿನಲ್ ಸೈಡ್ ಕಂಡವರಲ್ಲ. ಆಬ್ಜೆಕ್ಷನ್ ತೆಗೆಯದೆ ಅವಧಿ ಮೀರಿದರೆ ಮಾತ್ರ ಕೂಸು, ಕುಲಾವಿ ಎರಡೂ ಹೋಗುತ್ತವೆ. ಆಮೇಲೆ ದಾವೆಯನ್ನು ಬದುಕಿಸಲು ಬೇರೊಂದು ಅರ್ಜಿ.

ವಕೀಲರ ದಿನಚರಿ ನಿಂತಿರುವುದು ಬೋರ್ಡಿನ ಮೇಲೆ. ಬೋರ್ಡೆಂದರೆ ನಾಳೆ ಯಾವ ಕೋರ್ಟಿನಲ್ಲಿ ಯಾವ ಕೇಸು ಎಂಬ ಪಟ್ಟಿ. ಹಿಂದಿನ ಸಂಜೆ ಅದು ಬರುವವರೆಗೆ ಫೋರ್ಟಿನ ಯಾವ ಚೇಂಬರಿನಲ್ಲೂ ಯಾರೂ ಮನೆಗೆ ಹೊರಡುವುದಿಲ್ಲ. ಪಟ್ಟಿಯಲ್ಲಿ ಶೆಟ್ಟರದು 47ನೇ ನಂಬರು. ಮೂವತ್ತನೆಯದು ನಡೆಯುತ್ತಿದ್ದಾಗ ಇಡೀ ಬೋರ್ಡ್ ‘ಡಿಸ್ಚಾರ್ಜ್’, ಉಳಿದವು ಇವತ್ತಿಲ್ಲ. ಇನ್ನೊಂದು ದಿನ ನಂಬರು ಬಂತು, ಸೀನಿಯರ್ ಪಕ್ಕದ ಕೋರ್ಟಿನಲ್ಲಿ ನಿಂತಿದ್ದಾರೆ, ‘ಪಾಸ್ ಓವರ್’. ಮತ್ತೊಂದು ದಿನ ಎಲ್ಲರೂ ಇದ್ದಾರೆ, ರೋಸ್ಟರ್ ಬದಲಾಗಿದೆ. ಹೊಸ ನ್ಯಾಯಾಧೀಶರಿಗೆ ಗಲ್ಲಿಯ ಕಥೆ ಮೊದಲಿನಿಂದ ಹೇಳಬೇಕು. ಅವರು ಹಿಂದೆ ವಕೀಲರಾಗಿದ್ದಾಗ ಇದೇ ಬಿಲ್ಡರನ ಪರ ಅಭಿಪ್ರಾಯ ಕೊಟ್ಟಿದ್ದರೆ ‘ನಾಟ್ ಬಿಫೋರ್ ಮಿ’. ಇಷ್ಟಾದ ಮೇಲೆ ಪ್ರಿಸಿಪಿ (ಕೋರಿಕೆ ಚೀಟಿ) ಬರೆದು ಬೆಳಗ್ಗೆ ನ್ಯಾಯಾಧೀಶರ ಮುಂದೆ ಮೆನ್ಷನ್ ಮಾಡಿ ಹೊಸ ತಾರೀಕು ಪಡೆಯಬೇಕು. ಫೀಸು ಗೆಲುವಿಗೆ ತಳಕು ಹಾಕಿರಬಾರದು ಎಂಬುದು ಬಾರ್ ಕೌನ್ಸಿಲ್ ನಿಯಮ. ಎಷ್ಟು ನೈತಿಕವಾದ ನಿಯಮ ನೋಡಿ. ಆದ್ದರಿಂದ ಅದು ತಾರೀಕಿಗೆ ತಳಕು ಹಾಕಿಕೊಂಡಿದೆ. ವಾದಿಸಿದ ದಿನಕ್ಕೂ, ಡಿಸ್ಚಾರ್ಜ್ ಆದ ದಿನಕ್ಕೂ ಬಿಲ್ಲಿನಲ್ಲಿ ಬಣ್ಣ ಒಂದೇ.

ಕಾಯ್ದೆ ಸುಮ್ಮನೆ ಕೂತಿಲ್ಲ. ದಾವೆಯ ವೇಳಾಪಟ್ಟಿ ಹಾಕುವ ಮೊದಲ ಕೇಸ್ ಮ್ಯಾನೇಜ್‌ಮೆಂಟ್ ಹಿಯರಿಂಗ್ ಆದ 6 ತಿಂಗಳೊಳಗೆ ವಾದ ಮುಗಿಯಬೇಕು, ವಾದ ಮುಗಿದ 90 ದಿನದೊಳಗೆ ತೀರ್ಪು ಬರಬೇಕು ಎಂದಿದೆ. ಯಾರೂ ಇದನ್ನು ಮುರಿಯುವುದಿಲ್ಲ. ಆ ಮೊದಲ ಹಿಯರಿಂಗ್ ಬಂದರೆ ತಾನೇ? ಮುಹೂರ್ತವನ್ನೇ ಇಡದೆ ಊಟದ ಪಂಕ್ತಿ ಎಷ್ಟು ಹೊತ್ತಿಗೆ ಎಂದು ಆಮಂತ್ರಣ ಅಚ್ಚು ಹಾಕಿಸಿದಂತೆ.

ಅಲ್ಲಿಯವರೆಗೆ ‘ಸ್ಟೇಟಸ್ ಕೋ’, ಇದ್ದದ್ದು ಇದ್ದ ಹಾಗೆ. ಎರಡೂ ಕಡೆಯವರಿಗೂ ಸಮಾಧಾನ ತರುವ ಆರ್ಡರ್ ಇದೊಂದೇ, ಅಡ್ಡಗೋಡೆಯ ಮೇಲಿನ ದೀಪ. ತೊಂದರೆಯೆಂದರೆ ಅಡ್ಡಗೋಡೆಗೇ ವಯಸ್ಸಾಗಿದೆ. ಮುಂಗಾರಿಗೆ ಆರ್ಡರಿನ ಕಾಪಿ ಸರ್ವ್ ಆಗಿರುವುದಿಲ್ಲ. ಮೂರನೇ ಮಳೆಗಾಲಕ್ಕೆ ಸಜ್ಜಾ ಉದುರುತ್ತದೆ, ಕಟ್ಟಡ ಅಪಾಯಕಾರಿ ಎಂದು ಮಹಾನಗರ ಪಾಲಿಕೆಯಿಂದ 354ನೇ ಕಲಮಿನ ನೋಟಿಸು ಬರುತ್ತದೆ. ಬಿಲ್ಡರನ ಇಂಜಿನಿಯರ್ ಕಂಬಕ್ಕೆ ಸುತ್ತಿಗೆ ತಟ್ಟಿ ‘ಸಿ1’ ಎನ್ನುತ್ತಾರೆ, ಅಂದರೆ ಈಗಲೇ ಖಾಲಿ ಮಾಡಿ ಕೆಡವಬೇಕಾದ್ದು. ಬಾಡಿಗೆದಾರರ ಇಂಜಿನಿಯರ್ ಅದೇ ಕಂಬ ತಟ್ಟಿ ‘ಸಿ2ಬಿ’ ಎನ್ನುತ್ತಾರೆ: ಖಾಲಿ ಮಾಡುವುದು ಬೇಡ, ರಿಪೇರಿ ಸಾಕು. ಇಬ್ಬರ ಬಿಲ್ಲೂ ಸರಿಯಾಗಿಯೇ ಇರುತ್ತದೆ. ವರದಿಗಳೆರಡೂ ಪಾಲಿಕೆಯ ಟೆಕ್ನಿಕಲ್ ಅಡ್ವೈಸರಿ ಕಮಿಟಿಗೆ, ಕಮಿಟಿಯ ಮಾತಿನ ಮೇಲೆ ರಿಟ್ ಅರ್ಜಿ ಹೈಕೋರ್ಟಿಗೆ. ಅಪ್ಪಿತಪ್ಪಿ ಕಟ್ಟಡ ನೆಲಕ್ಕೆ ಬಂದರೂ ವಕೀಲರು ಹೆದರಬೇಕಾಗಿಲ್ಲ. ಕಟ್ಟಡ ಹೋದ ಮಾತ್ರಕ್ಕೆ ಬಾಡಿಗೆ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಕೆಡವುವ ಮೊದಲು ಪ್ರತಿ ಬಾಡಿಗೆದಾರನ ಜಾಗ ಅಳೆದು ಪಾಲಿಕೆಯಿಂದ ಸರ್ಟಿಫಿಕೇಟ್ ತೆಗೆದುಕೊಂಡಿದ್ದರಾಯಿತು. ಅಳೆಯದೆ ಗಂಟುಮೂಟೆ ಕಟ್ಟಿದವರು ಆಮೇಲೆ ಗಾಳಿಯಲ್ಲಿ ಟೇಪು ಹಿಡಿಯುತ್ತಾರೆ.

ಇನ್ನೊಂದು ಎಡವಟ್ಟು ಮಹಾರಾಷ್ಟ್ರದ ಕಾನೂನಿನದು. ದಾವೆ ನಡೆಯುತ್ತಿದೆ ಎಂದ ಮಾತ್ರಕ್ಕೆ ಜಾಗ ಕೊಳ್ಳುವ ಮೂರನೆಯವನು ಅದಕ್ಕೆ ಕಟ್ಟುಬೀಳುವುದಿಲ್ಲ. ಈ ಜಾಗದ ಮೇಲೆ ದಾವೆಯಿದೆ ಎಂಬ ‘ಲಿಸ್ ಪೆಂಡೆನ್ಸ್’ ನೋಟಿಸನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿರಬೇಕು. ನೋಟಿಸ್ ಟೈಪಾಗಿ ಫೈಲಿನಲ್ಲಿ ಮಲಗಿತ್ತು ಅನ್ನಿ, ಬಿಲ್ಡರ್ ರಸ್ತೆ ಬದಿಯ ಅಂಗಡಿಯನ್ನು ಒಬ್ಬ ಮೊಬೈಲ್ ಅಂಗಡಿಯವನಿಗೆ ಬರೆದುಕೊಟ್ಟಿರುತ್ತಾನೆ. ಅವನೀಗ ಎರಡನೇ ಪ್ರತಿವಾದಿ. ಅವನಿಗೂ ವಕೀಲರು, ಅವನಿಂದಲೂ ಪ್ರತಿ ಪ್ಯಾರಾದ ನಿರಾಕರಣೆ. ಏರಿಯಾ ಬೆಳೆಯಿತು.

ಮೇಲಿನ ಮಹಡಿಗಳಲ್ಲಿ ಹೊಸ ಫ್ಲ್ಯಾಟ್ ಬುಕ್ ಮಾಡಿದವರ ಪಾಡು ಬೇರೆ. ಅವರು ರೇರಾ ಕಾಯ್ದೆಯ ರಾಜ್ಯ ಪ್ರಾಧಿಕಾರವಾದ ಮಹಾರೇರಾಕ್ಕೆ ಹೋಗುತ್ತಾರೆ. 60 ದಿನದಲ್ಲಿ ಇತ್ಯರ್ಥ ಎಂಬ ಆಶಯ ಕಾಯ್ದೆಯಲ್ಲಿದೆ, ಆರ್ಡರೂ ಒಂದು ದಿನ ಬರುತ್ತದೆ, ಸ್ಟೇಟ್ ಬ್ಯಾಂಕಿನ ಸಾಲದ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಸಹಿತ. ಆಮೇಲೆ ವಸೂಲಿ ವಾರಂಟ್ ಕಲೆಕ್ಟರ್ ಕಚೇರಿಗೆ ಹೋಗಿ, ಅಂಥವೇ ವಾರಂಟುಗಳ ರಾಶಿಯ ಮೇಲೆ ಮಲಗುತ್ತದೆ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಪಾಪ, ತೀರ್ಪು ಬರುತ್ತದೆ ಎಂದು ನಂಬಿದ್ದ ಕಾಲ. ಇಲ್ಲಿ ಬರುವುದು ಕನ್ಸೆಂಟ್ ಟರ್ಮ್ಸ್, ಅಂದರೆ ರಾಜಿಪತ್ರ. ಶೆಟ್ಟರ ಮಗನಿಗೆ ಹೋಟೆಲು ಬೇಡ, ಬಿಲ್ಡರನ ಬ್ಯಾಂಕು ಸಾಲ ವಾಪಸ್ ಕೇಳುತ್ತಿದೆ, ಮೊಬೈಲ್ ಅಂಗಡಿಯವನಿಗೆ ಬೇರೆಲ್ಲೋ ಜಾಗ ಸಿಕ್ಕಿದೆ. ಒಂದು ಮಧ್ಯಾಹ್ನ ಚೇಂಬರಿನಲ್ಲಿ ಕೂತು, ಎರಡು ಕಟಿಂಗ್ ಚಹಾದೊಳಗೆ ಎಲ್ಲರೂ ಒಪ್ಪುತ್ತಾರೆ: ರಸ್ತೆ ಕಡೆ ಗಲ್ಲಾ, ಗಲ್ಲಿ ಕಡೆ ಅಡುಗೆಮನೆ. ಮೊದಲ ದಿನವೇ ಶೆಟ್ಟರ ಹೆಂಡತಿ ಹೇಳಿದ್ದೂ ಇದನ್ನೇ. ಆದರೆ ಅವರು ದಾವೆಯಲ್ಲಿ ಪಾರ್ಟಿಯಲ್ಲ. ಒಟ್ಟು ಆರು ಪುಟ. ಕೊನೆಯ ಪುಟದಲ್ಲಿ 14ನೇ ಕಲಮು: ಈ ಒಪ್ಪಂದದಿಂದ ಹುಟ್ಟುವ ಯಾವುದೇ ವಿವಾದ ಒಬ್ಬರೇ ಆರ್ಬಿಟ್ರೇಟರಾದ (ಕೋರ್ಟಿನ ಹೊರಗೆ ತೀರ್ಪು ಕೊಡುವ ಪಂಚರಾದ) ಶ್ರೀಮಾನ್ ............ ಅವರ ಮುಂದೆ ಹೋಗತಕ್ಕದ್ದು. ಹೆಸರಿನ ಜಾಗವನ್ನು ಎರಡೂ ಕಡೆಯ ವಕೀಲರು ಓದಿ, ನೋಡಿ, ಖಾಲಿಯೇ ಬಿಟ್ಟು ಸಹಿ ಹಾಕಿಸುತ್ತಾರೆ. ಜಾಗ ಸುಮಾರು ಎರಡು ಇಂಚು. ಕಾರ್ಪೆಟ್.