ಸೌಂಡಿಗೆ ಅರವತ್ತು ಸಾವಿರ, ಬ್ರೇಕಿಗೆ ಸೊನ್ನೆ

ನಿನ್ನೆ ಸಂಜೆ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೋಗಿದ್ದೆ, ನನ್ನ ಮಾರುತಿ 800ರ ಬ್ರೇಕ್ ಡ್ರಮ್ ಲೇತಿಗೆ ಕೊಡಲು. (ಹೌದು, ನನ್ನ ಶೆಡ್ಡಿನಲ್ಲಿ ರಿಪೇರಿಯಾಗುತ್ತಿರುವ ಗಾಡಿ. ಇನ್ನೂ ಮುಗಿದಿಲ್ಲ. ಕೇಳಬೇಡಿ.) ಅಷ್ಟರಲ್ಲಿ ಒಂದು ಮಾರುತಿ ಜೆನ್ ಬಂತು. ಗಾಡಿಗಿಂತ ಮೊದಲು ಅದರ ಸದ್ದು ಬಂತು ಅನ್ನಿ. ಹಳದಿ ಬಣ್ಣ, ಬಾನೆಟ್ ಮೇಲೆ ಕರಿ ಪಟ್ಟೆ, ಹಿಂದೆ ಇಸ್ತ್ರಿ ಟೇಬಲ್ಲಿನಷ್ಟು ದೊಡ್ಡ ಸ್ಪಾಯ್ಲರ್. ಇಪ್ಪತ್ತರ ಆಸುಪಾಸಿನ ಹುಡುಗ ಇಳಿದ. "ಪ್ರಾಜೆಕ್ಟ್ ಕಾರ್ ರೀ ಅಣ್ಣಾರ. ರೇಸಿಗೆ ರೆಡಿ ಮಾಡಾಕತ್ತೀನಿ" ಅಂದ.

ಖುಷಿಯಾಯಿತು. ಬಗ್ಗಿ ಟೈರ್ ನೋಡಿದೆ. ಖುಷಿ ಅಲ್ಲಿಗೇ ಮುಗಿಯಿತು.

ಟೈರಿನ ಪಕ್ಕಕ್ಕೆ ನಾಲ್ಕು ಅಂಕಿ ಇರುತ್ತವಲ್ಲ, ಮೊದಲ ಎರಡಂಕಿ ತಯಾರಾದ ವಾರ, ಕೊನೆಯ ಎರಡಂಕಿ ವರ್ಷ. ಇವನದು 2313. ಅಂದರೆ 2013ರ ಟೈರು, ಅಂಚಿನ ತುಂಬಾ ಬಿರುಕು. ಬಾನೆಟ್ ಎತ್ತಿಸಿದೆ. ಬ್ರೇಕ್ ಆಯಿಲ್ ಕಪ್ಪಗಾಗಿತ್ತು. "ಇದನ್ನ ಯಾವಾಗ ಬದಲಿ ಮಾಡೀಯೋ ತಮ್ಮಾ?" ಅಂದೆ. "ಅದನ್ನೂ ಬದಲಿ ಮಾಡ್ಬೇಕೇನ್ರಿ?" ಅಂದ.

ಸೈಲೆನ್ಸರ್, ಪೇಂಟ್, ಸ್ಪಾಯ್ಲರ್, ಲೈಟು ಎಲ್ಲ ಸೇರಿ ಖರ್ಚು ಅರವತ್ತು ಸಾವಿರವಂತೆ. ಬ್ರೇಕಿಗೆ ಒಂದು ಪೈಸೆ ಇಲ್ಲ.

ಸತ್ಯ ಹೇಳ್ತೀನಿ, ಅವನು ಒಮ್ಮೆ ರೇಸ್ ಕೊಟ್ಟಾಗ ನನ್ನ ಮೈಯೂ ಜುಮ್ ಅಂತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂದಿದ್ದು.

ಇವನೊಬ್ಬನ ಕಥೆಯಲ್ಲ ಇದು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ "ಗಾಡಿ ರೆಡಿ" ಅಂದರೆ ಸದ್ದು ಮತ್ತು ಸ್ಟಿಕ್ಕರ್. ಇಂಜಿನ್ ಮುಟ್ಟದೆ ಬರೀ ಸೈಲೆನ್ಸರ್ ಬದಲಿಸಿದರೆ ವೇಗ ಏನೂ ಹೆಚ್ಚುವುದಿಲ್ಲ, ಅಕ್ಕಪಕ್ಕದ ಮನೆಯವರ ಬಿಪಿ ಹೆಚ್ಚುತ್ತದೆ ಅಷ್ಟೇ. ಸಣ್ಣ ಗಾಡಿಗೆ ದೊಡ್ಡ ಅಲಾಯ್ ಚಕ್ರ ಹಾಕಿದರಂತೂ ಎಳೆತ ಕಡಿಮೆಯೇ ಆಗುತ್ತದೆ. ಚಕ್ರದ ಭಾರ ಹೆಚ್ಚಾಯಿತು, ಸುತ್ತಳತೆ ಹೆಚ್ಚಾಯಿತು, ಪಾಪ ಆ ಇಂಜಿನ್ ಏನು ಮಾಡೀತು? ದುಡ್ಡು ಕೊಟ್ಟು ಗಾಡಿಯನ್ನು ನಿಧಾನ ಮಾಡಿಕೊಳ್ಳುವುದು ನಮಗೇ ಸಾಧ್ಯ.

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಗ್ರೇಡಿನ ಆಯಿಲ್ 230 ಡಿಗ್ರಿವರೆಗೂ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತದೆ. ಜೋರಾಗಿ ಓಡಿಸಿ ಮೇಲಿಂದ ಮೇಲೆ ಬ್ರೇಕ್ ಒತ್ತಿದರೆ ಒಳಗೆ ಆವಿ ಕಟ್ಟುತ್ತದೆ. ಆಮೇಲೆ ಪೆಡಲ್ ಸುಮ್ನೆ ನೆಲಕ್ಕೆ ಹೋಗುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ಒಂದು ಡಬ್ಬಿ ಆಯಿಲ್‌ಗೆ ಎಷ್ಟಾಗುತ್ತದೆ ಮಾರಾಯ್ರೆ? ಆ ಸ್ಪಾಯ್ಲರಿನ ಎರಡು ಬೋಲ್ಟಿನ ಕೂಲಿಯೂ ಆಗಲಿಕ್ಕಿಲ್ಲ.

"ಸಣ್ಣ ಇಂಜಿನ್ ರೀ, ಸೌಂಡರೆ ಇರ್ಲಿ" ಅಂತಾರೆ. ಫಾರ್ಮುಲಾ ಮಾರುತಿ ಅಂತ ಒಂದು ರೇಸ್ ಗಾಡಿ ಇತ್ತು, ಅದರೊಳಗೆ ಇದ್ದದ್ದು ಇದೇ 800ರ 796 ಸಿಸಿ ಇಂಜಿನ್. ನಮ್ಮ ದೇಶದ ರೇಸರ್ ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಅದರಲ್ಲಿ. 2005ರಲ್ಲಿ ಅವರು ಫಾರ್ಮುಲಾ ಒನ್‌ನಲ್ಲಿದ್ದರು. ನಾವು ಇನ್ನೂ ಸ್ಟಿಕ್ಕರ್ ಅಂಗಡಿಯಲ್ಲಿದ್ದೇವೆ.

ಈಗ ನೀವು ಕೇಳ್ತೀರಿ, ನಮ್ಮ ಕಡೆ ಟ್ರ್ಯಾಕ್ ಎಲ್ಲಿದೆ, ಹುಡುಗರು ಎಲ್ಲಿ ಹೋಗಬೇಕು? ಒಪ್ಪಿದೆ. ಟ್ರ್ಯಾಕ್ ಬೇಕೆಂದರೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ಹಾಗಂತ ಬೈಪಾಸಿಗೆ ಹೋಗ್ತೀರಾ? 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಅಪಘಾತದಲ್ಲಿ ತೀರಿಕೊಂಡಿದ್ದನ್ನು ಮರೆತಿರಾ? ಆ ರಸ್ತೆಯಲ್ಲಿ ರೇಸ್ ಆಡುವವನ ಜೊತೆ ನನಗೆ ಮಾತೇ ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಮಾತಾಡಲಿ.

ಅದೂ ಅಲ್ಲದೆ ಟ್ರ್ಯಾಕೇ ಬೇಕು ಅಂತೇನಿಲ್ಲ. ಆಟೋಕ್ರಾಸ್ ನಡೆಯುವುದು ಮಣ್ಣಿನ ಮೈದಾನದಲ್ಲಿ, ಗಡಿಯಾರದ ವಿರುದ್ಧ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸ್ ನೋಡಿಕೊಳ್ಳುವ ಒಕ್ಕೂಟ) ಲೈಸೆನ್ಸ್, ಒಳ್ಳೆಯ ಹೆಲ್ಮೆಟ್, ಗಟ್ಟಿ ಬೆಲ್ಟ್, ನಿಲ್ಲುವ ಗಾಡಿ ಇದ್ದರೆ ಶುರು ಮಾಡಬಹುದು. ಇನ್ನೂ ಅಗ್ಗಕ್ಕೆ ಬೇಕೆಂದರೆ ಟಿಎಸ್‌ಡಿ ರ‍್ಯಾಲಿ ಇದೆ, ಅಂದರೆ ಟೈಮ್-ಸ್ಪೀಡ್-ಡಿಸ್ಟೆನ್ಸ್. ದಿನಾ ಓಡಿಸುವ ಗಾಡಿಯೇ ಸಾಕು. ಹೇಳಿದ ಸರಾಸರಿ ವೇಗದಲ್ಲಿ, ಹೇಳಿದ ಹೊತ್ತಿಗೆ ಮುಟ್ಟಬೇಕು. ಬೇಗ ಬಂದರೂ ದಂಡ! ನಮ್ಮ ಹುಡುಗರಿಗೆ ಇದಕ್ಕಿಂತ ಕಷ್ಟದ ಆಟ ಇನ್ನೊಂದಿಲ್ಲ. ಭಾನುವಾರ ಬೆಳಿಗ್ಗೆ ಕಲಘಟಗಿ ಕಡೆ ಗೆಳೆಯನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋಗಿ ನೋಡಿ. 36 ಕಿಮೀ ಸರಾಸರಿ ಅಂದರೆ ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡ್. ನಡುವೆ ಒಂದು ಎಮ್ಮೆ ಹಿಂಡು ಅಡ್ಡ ಬಂದರೆ ಲೆಕ್ಕ ಏನಾಗುತ್ತದೆ ಅಂತ ಗೊತ್ತಾಗುತ್ತದೆ.

ಹಳೇ ಗಾಡಿ ಕೊಳ್ಳುವವರೇ, ಪೇಂಟ್ ನೋಡಬೇಡಿ. ಮ್ಯಾಟ್ ಎತ್ತಿ ನೆಲದ ತುಕ್ಕು ನೋಡಿ. ಶಾಕ್ ಅಬ್ಸಾರ್ಬರ್ ಕೂರುವ ಜಾಗ ನೋಡಿ. ಆರ್‌ಸಿ 15 ವರ್ಷ ದಾಟಿದ್ದರೆ ನವೀಕರಣ ಆಗಿದೆಯೋ ಇಲ್ಲವೋ ಕೇಳಿ. ತಂದ ಮೇಲೆ ಮೊದಲು ಬ್ರೇಕ್, ಆಮೇಲೆ ಟೈರು, ಆಮೇಲೆ ಟೈಮಿಂಗ್ ಬೆಲ್ಟು. ಅಷ್ಟಾಗಿಯೂ ದುಡ್ಡು ಉಳಿದರೆ (ಉಳಿಯುವುದಿಲ್ಲ, ನಮ್ಮ ಮನೆಯವರನ್ನು ಕೇಳಿ) ಹಳದಿ ಬಣ್ಣ ಬಳಿಯಿರಿ, ನಾನು ಬೇಡ ಅನ್ನುವುದಿಲ್ಲ.

ಆ ಹುಡುಗನಿಗೆ ನಂಬರ್ ಕೊಟ್ಟು ಬಂದಿದ್ದೇನೆ. ಆಯಿಲ್ ಡಬ್ಬಿ ತಂದರೆ ಬ್ಲೀಡಿಂಗ್ (ಹಳೇ ಆಯಿಲ್, ಗಾಳಿ ಹೊರಗೆ ಹಾಕುವ ಕೆಲಸ) ನಾನೇ ಮಾಡಿಕೊಡ್ತೀನಿ ಅಂದಿದ್ದೇನೆ. ನಿಮ್ಮಲ್ಲೂ ಯಾರಾದರೂ ಬರುವವರಿದ್ದರೆ ಬನ್ನಿ, ಚಹಾ ನನ್ನದು. ಆದರೆ ಕಾಮೆಂಟಿನಲ್ಲಿ "ಯಾವ ಸೈಲೆನ್ಸರ್ ಚಲೋ ಐತ್ರಿ" ಅಂತ ಕೇಳಿದವರನ್ನು ಮುಲಾಜಿಲ್ಲದೆ ಬ್ಲಾಕ್ ಮಾಡ್ತೀನಿ.