ತಾತ ಸತ್ತಿದ್ದಕ್ಕೆ ದಾಖಲೆ ತನ್ನಿ

ನಮ್ಮ ತಾತ ತೀರಿಕೊಂಡಿದ್ದು 1958ರಲ್ಲಿ. ಆಗಲೇ ಅವರಿಗೆ ಅರವತ್ತು ದಾಟಿತ್ತು. ಬದುಕಿದ್ದರೆ ಈಗ ನೂರಿಪ್ಪತ್ತೈದರ ಮೇಲಾಗಿರುತ್ತಿತ್ತು. ಈ ಲೆಕ್ಕವನ್ನು ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತು, ಬೆರಳು ಮಡಚಿ ಹೇಳಿದೆ. ಒಳಗಿದ್ದವರು ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದರು, "ಸರಿ ಸಾರ್. ಸತ್ತಿದ್ದಾರೆ ಅನ್ನೋದಕ್ಕೆ ದಾಖಲೆ?"

ವಿಷಯ ಇಷ್ಟೇ. ಊರಲ್ಲಿ 2 ಎಕರೆ 14 ಗುಂಟೆ ಹೊಲ ಇದೆ. ಪಹಣಿ, ಅಂದರೆ ಹೊಲ ಯಾರದು ಅಂತ ಹೇಳುವ ಸರ್ಕಾರಿ ಹಾಳೆ, ಇನ್ನೂ ತಾತನ ಹೆಸರಲ್ಲಿದೆ. "ಆಮೇಲೆ ಮಾಡಿಸೋಣ" ಅನ್ನುತ್ತಲೇ ಅಪ್ಪನೂ ಹೋದರು. ಇದರಲ್ಲಿ ನಮ್ಮ ಮನೆಯದೇನೂ ವಿಶೇಷವಿಲ್ಲ ಬಿಡಿ. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಸತ್ತವರ ಹೆಸರಲ್ಲೇ ಇರುವುದು ಗೊತ್ತಾಯಿತು. ಸ್ವರ್ಗದಲ್ಲಿ ಕೂತು ಇಲ್ಲಿ ಹೊಲ ಇಟ್ಟುಕೊಂಡಿರುವ ರೈತರು ನಮ್ಮಲ್ಲಿ ಅಷ್ಟಿದ್ದಾರೆ.

ನನ್ನ ಹೆಸರಿಗೆ ಪೌತಿ ಖಾತೆ ಆಗಬೇಕು, ಅಂದರೆ ಸತ್ತವರ ಹೆಸರಲ್ಲಿರುವ ಹೊಲ ವಾರಸುದಾರರ ಹೆಸರಿಗೆ ಬರಬೇಕು. ಪೌತಿ ಖಾತೆಗೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ಮರಣ ಪ್ರಮಾಣಪತ್ರ ಬೇಕು. ಇಲ್ಲೇ ನೋಡಿ, ತಾತ ಅವಸರ ಮಾಡಿಬಿಟ್ಟಿದ್ದು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ, ಜಾರಿಯಾಗಿದ್ದು 1970ರ ಏಪ್ರಿಲ್ 1ಕ್ಕೆ. (ತಾರೀಖು ನಾನು ಆರಿಸಿದ್ದಲ್ಲ.) ಇನ್ನೊಂದು ಹನ್ನೆರಡು ವರ್ಷ ಹೇಗೋ ತಡೆದುಕೊಂಡಿದ್ದರೆ ಮೊಮ್ಮಗ ಹೀಗೆ ಕಿಟಕಿ ಹಿಡಿದು ನಿಲ್ಲಬೇಕಾಗಿರಲಿಲ್ಲ.

ಅದಕ್ಕೂ ಮೊದಲು ಊರಿನ ಪಟೇಲರು ಸಾವು ಬರೆದಿಡುತ್ತಿದ್ದರು. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1963ರಲ್ಲಿ ರದ್ದಾದವು. ಅವರು ಮನೆಗೆ ಹೋದರು, ಪುಸ್ತಕಗಳು ರೆಕಾರ್ಡ್ ರೂಮಿಗೆ ಬಂದವು. ಅಲ್ಲಿ ಗೆದ್ದಲಿನ ವಂಶಪಾರಂಪರ್ಯ ಇನ್ನೂ ರದ್ದಾಗಿಲ್ಲ.

ರೆಕಾರ್ಡ್ ರೂಮಿಗೆ ನನ್ನನ್ನೂ ಬಿಟ್ಟರು, ಬಾಗಿಲ ತನಕ. ಬಟ್ಟೆಯಲ್ಲಿ ಕಟ್ಟಿಟ್ಟ ಗಂಟುಗಳು ಸೂರಿನವರೆಗೆ. ಬಟ್ಟೆ ಒಂದು ಕಾಲದಲ್ಲಿ ಕೆಂಪಗಿತ್ತಂತೆ. ಸಿಬ್ಬಂದಿಯೊಬ್ಬರು ಮೂಗಿಗೆ ಟವೆಲ್ ಸುತ್ತಿಕೊಂಡು ನಮ್ಮ ಹೋಬಳಿಯ ಗಂಟು ಬಿಚ್ಚಿದರು. ಮೊದಲು ಉದುರಿದ್ದು ಎರಡು ಹಲ್ಲಿ ಮೊಟ್ಟೆ. ಆಮೇಲೆ 1958. ಹಾಳೆ ಇತ್ತು. ಊರಿನ ಹೆಸರಿತ್ತು. ಸಾವಿನ ಕಾರಣದ ಕಾಲಮ್ಮಿನಲ್ಲಿ "ಜ್ವರ" ಅಂತ ದುಂಡಗಿನ ಅಕ್ಷರವೂ ಇತ್ತು. ಸತ್ತವರ ಹೆಸರು ಇರಬೇಕಾದ ಕಡೆ ಎಂಟಾಣೆಯಷ್ಟು ಅಗಲದ ತೂತು. ತೂತಿನ ಆಚೆ 1959 ಕಾಣಿಸುತ್ತಿತ್ತು.

"ಇದು ನಮ್ಮ ತಾತನೇ" ಅಂದೆ.

"ಯಾವುದು ಸಾರ್, ತೂತಾ?"

ಹಾಗಾಗಿ ನನಗೊಂದು ಹಿಂಬರಹ ಕೊಟ್ಟರು. "ಸದರಿ ದಾಖಲೆ ಲಭ್ಯವಿರುವುದಿಲ್ಲ." ಸೀಲು, ಸಹಿ, ತಾರೀಖು ಎಲ್ಲ ಸರಿಯಾಗಿದೆ. ವಂಶದ ಬಗ್ಗೆ ನನಗೆ ಸಿಕ್ಕ ಮೊದಲ ಸರ್ಕಾರಿ ದಾಖಲೆ ಇದೇ. ಲ್ಯಾಮಿನೇಷನ್ ಮಾಡಿಸಿದ್ದೇನೆ. ಇದನ್ನು ಹಿಡಿದು ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಂತೆ. ಒಂದು ವರ್ಷ ದಾಟಿದ ಸಾವನ್ನು ಬರೆಸಲು ಆದೇಶ ಬೇಕು. ಮೊದಲು ಅದನ್ನು ಕೋರ್ಟು ಕೊಡುತ್ತಿತ್ತು. ಕೇಂದ್ರ 2023ರಲ್ಲಿ ಕಾಯ್ದೆ ತಿದ್ದಿ ಆ ಕೆಲಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಕಡೆ ದಾಟಿಸಿತು. ವಿಳಂಬಕ್ಕೆ ಕಾರಣ ಬರೆಯಿರಿ ಅಂದರು. "ನಾನು ಹುಟ್ಟಿರಲಿಲ್ಲ" ಅಂತ ಬರೆದೆ.

ಇನ್ನು ಹೆಸರಿನ ಕತೆ. ತಾತನ ಹೆಸರು ಇಲ್ಲಿ ಹೇಳುವುದಿಲ್ಲ. ಪಹಣಿಯೇ ಅದನ್ನು ಸರಿಯಾಗಿ ಬರೆದಿಲ್ಲ, ನನಗ್ಯಾಕೆ ಉಸಾಬರಿ? ಹಳೇ ಕೈಬರಹದ ಪಹಣಿಯಲ್ಲಿ ಹೆಸರಿನ ಕೊನೆಗೆ 'ಅಯ್ಯ' ಇದೆ. ಕಂಪ್ಯೂಟರಿಗೆ ಏರುವಾಗ 'ಅಪ್ಪ' ಆಗಿದೆ. ಅದಕ್ಕೆ ಸ್ಟಾಂಪ್ ಪೇಪರಿನ ಮೇಲೆ, ನೋಟರಿಯ ಮುಂದೆ, ಅಪ್ಪನೂ ಅಯ್ಯನೂ ಒಬ್ಬರೇ ಅಂತ ಪ್ರಮಾಣ ಮಾಡಿದೆ. ಕನ್ನಡ ಬರುವ ಯಾರನ್ನು ಕೇಳಿದ್ದರೂ ಇದನ್ನು ಪುಕ್ಕಟೆ ಹೇಳುತ್ತಿದ್ದರು, ಅಲ್ವಾ?

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವುದು ವಾಡಿಕೆ. ಹಾಗಾಗಿ ಹಳೇ ಪುಸ್ತಕದಲ್ಲಿ ಒಂದು ಕಡೆ ಇಂಥವರು ಬಿನ್ ಅಂಥವರು ಅಂತಿದೆ, ಎರಡು ಪುಟ ಬಿಟ್ಟು ಅಂಥವರು ಬಿನ್ ಇಂಥವರು. ಕಿಟಕಿಯವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. "ಇವರು ಅವರ ಮಗ. ಅವರು ಇವರ ಮಗ. ಹೆಂಗೆ ಸಾರ್ ಇದು?"

ಆಗ ನನಗೆ ಹೆಳವರ ನೆನಪಾಯಿತು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಮನೆತನಗಳ ವಂಶಾವಳಿ ಹೇಳುವುದೇ ಹೆಳವರ ಕಸುಬು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬರುತ್ತಿದ್ದರು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಂಟೆ. ಜಗುಲಿಯ ಮೇಲೆ ಕೂತು ಶುರು ಮಾಡಿದರೆ ಮುಗಿಯಿತು. ನಾವು ಯಾವ ಊರಿಂದ ಬಂದವರು, ಯಾರಿಗೆ ಎಷ್ಟು ಮಕ್ಕಳು, ಯಾರು ಮಕ್ಕಳಿಲ್ಲದೆ ಹೋದರು, ಯಾರು ಜಗಳ ಆಡಿಕೊಂಡು ಗಡಿ ದಾಟಿದರು, ಎಲ್ಲ ಒಂದೇ ಉಸಿರಲ್ಲಿ. ಏಳು ತಲೆಮಾರು, ಅರ್ಧ ಗಂಟೆ. ಅಜ್ಜಿ ಒಂದು ಮೊರ ರಾಗಿ ಸುರಿದು ಹೊಸ ಮೊಮ್ಮಕ್ಕಳ ಹೆಸರು ಬರೆಸುತ್ತಿದ್ದರು. ಎತ್ತಿಗೊಂದಿಷ್ಟು ಹುಲ್ಲು. ಅರ್ಜಿ ಶುಲ್ಕ ಅಷ್ಟೇ.

"ಹೆಳವರ ಪುಸ್ತಕದಲ್ಲಿ ಎಲ್ಲ ಇದೆ, ತರಿಸಲಾ?" ಅಂತ ಕೇಳಿದೆ.

"ಅದಕ್ಕೆ ಗೆಜೆಟೆಡ್ ಅಧಿಕಾರಿ ಸಹಿ ಇದೆಯಾ?"

ಸರಿ, ಮಹಜರು ಆಗಲಿ ಅಂತ ತೀರ್ಮಾನವಾಯಿತು. ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕು. ಹೆಸರು ಉದ್ದವಾಗಿದೆ, ಅವರ ಬೈಕು ಮಾತ್ರ ಅದೇ. ಅರಳಿಕಟ್ಟೆಯ ಮೇಲೆ ಪಂಚರನ್ನು, ಅಂದರೆ ಮಹಜರಿಗೆ ಸಹಿ ಹಾಕುವ ಸಾಕ್ಷಿಗಳನ್ನು, ಕೂರಿಸಿದರು. 1958ರಲ್ಲಿ ತಾತ ಸತ್ತಿದ್ದನ್ನು "ನಾವು ಬಲ್ಲೆವು" ಅಂತ ಸಹಿ ಹಾಕಿದ ಐವರಲ್ಲಿ ಹಿರಿಯನಿಗೆ 46 ವರ್ಷ. ಕಿರಿಯವನು ಸಹಿ ಹಾಕಿ, ನಿಜಕ್ಕೂ ಬೇಜಾರಾದವನ ಹಾಗೆ, "ಒಳ್ಳೇ ಮನುಷ್ಯ ಅಣ್ಣ" ಅಂದ. ಇದೇ ಪಂಚರು ಅತ್ತೆಯರ ಹೆಸರು ಬಂದಾಗ ಮಾತ್ರ ನನ್ನ ಕಿವಿಯ ಹತ್ತಿರ ಬಂದರು. "ಹೆಣ್ಣುಮಕ್ಕಳದ್ದು ಯಾಕೆ, ಸುಮ್ನೆ ಬಿಟ್ಬಿಡಿ. ಆಮೇಲೆ ಪಾಲು ಗೀಲು ಅಂತಾರೆ." ಮಗಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶ 2005ರಲ್ಲಿ. ಅರಳಿಕಟ್ಟೆಗೆ ಸುದ್ದಿ ಇನ್ನೂ ಬಂದಿಲ್ಲ. ಇಬ್ಬರು ಅತ್ತೆಯರನ್ನೂ ಬರೆಸಿದೆ. ಒಬ್ಬರಿಗೆ ಫೋನಿನಲ್ಲಿ ಹೇಳಿದರೆ, "ನಾನು ಸತ್ತಿದ್ದೀನಿ ಅಂತ ಬರೆದಿಲ್ಲ ತಾನೇ?" ಅಂತ ಕೇಳಿದರು. ಅನುಭವಸ್ಥರು.

ಹನ್ನೊಂದು ತಿಂಗಳಾದ ಮೇಲೆ ವಂಶವೃಕ್ಷ ಕೈಗೆ ಬಂತು. ಒಂದೇ ಹಾಳೆ. ತಾತ ಮೇಲೆ, ನಾವೆಲ್ಲ ಕೆಳಗೆ, ಬೇರು ಮೇಲಾಗಿ ತೂಗುವ ಮರ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನವಾಗಿ ಬೇರೆ ಕಡೆಗಳ ಕಿಟಕಿಗಳಿಗೆಲ್ಲ ತೋರಿಸುತ್ತಾ ಹೋದೆ. ಸಾಲ ಕೊಡುವ ಕಡೆಯೂ ಒಂದು ಪ್ರತಿ ಬೇಕಿತ್ತು. ಆ ವೇಳೆಗೆ ಏಳು ತಿಂಗಳು ಕಳೆದಿತ್ತು. ಅಲ್ಲಿನ ಹುಡುಗ ಹಾಳೆ ತಿರುಗಿಸಿ ತಾರೀಖು ನೋಡಿದ.

"ಇದು ಹಳೇದು ಸಾರ್. ಆರು ತಿಂಗಳ ಒಳಗಿನದು ತನ್ನಿ."

"ಅಲ್ಲಪ್ಪಾ, ಆರು ತಿಂಗಳಲ್ಲಿ ನಮ್ಮ ತಾತ ಬದಲಾಗ್ತಾರಾ?"

ಅವನು ಒಂದು ಕ್ಷಣ ಯೋಚನೆ ಮಾಡಿದ. "ಹೇಳಕ್ಕಾಗಲ್ಲ ಸಾರ್."